ಅಪ್ಪನ ಕೈ ಗುರ್ ಗುರ್ ಅಂತೈತಿ, ಅಂಜಬೇಕೇನ್ರಿ?

ಪ್ರಶ್ನೆ (ರಬಕವಿ, ಬಾಗಲಕೋಟೆ ಜಿಲ್ಲೆ): ಸರ, ನಮ್ಮಪ್ಪಗ 54 ವರ್ಷ, ಪವರ್‌ಲೂಮ್ ಕೆಲಸ. ಕುತ್ತಿಗಿಗೆ ಪೈಪ್ ಹಾಕಿ ಡಯಾಲಿಸಿಸ್ ಶುರು ಮಾಡ್ಯಾರ. 12 ದಿನದ ಹಿಂದ ಎಡಗೈ ಮಣಿಕಟ್ಟಿನ ಹತ್ರ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಚಾಕ ರಕ್ತನಾಳ ಜೋಡಿಸೋದು) ಆಪರೇಷನ್ ಆಗೇತಿ. ಅಲ್ಲಿ ಮುಟ್ಟಿದ್ರ ಗುರ್ ಗುರ್ ಅಂತೈತಿ. ನರ ಕೆಟ್ಟೈತಿ ಅಂತ ಮಂದಿ ಅನ್ನಾಕತ್ತಾರ. ಸೂಜಿನೂ ಆ ಕೈಗೆ ಚುಚ್ಚವಲ್ರು, ಯಾಕ?

ಉತ್ತರ (ಡಯಾಲಿಸಿಸ್ ಟೆಕ್ನಿಷಿಯನ್, ಬೆಳಗಾವಿ): ಅದು ನಿಂತ್ರ ಅಂಜಬೇಕ್ರಿ, ಇದ್ರ ಅಲ್ಲ. ಹೃದಯದಿಂದ ಜೋರಿಲೆ ಬರೋ ರಕ್ತನಾಳಾನ ಮ್ಯಾಲಿನ ನರಕ್ಕ (ರಕ್ತ ವಾಪಸ್ ಒಯ್ಯೋ ನಾಳಕ್ಕ) ಜೋಡಿಸಿರ್ತಾರ. ರಕ್ತ ನುಗ್ಗೋ ನಡುಕ ಅದು, ನಾವು ಥ್ರಿಲ್ ಅಂತೀವಿ. ಓಡೋ ಮಗ್ಗದ ಮ್ಯಾಲ ಅಂಗೈ ಇಟ್ಟಂಗ. ಅಪ್ಪಾರಿಗೆ ಹಿಂಗ ಹೇಳ್ರಿ, ಲಗೂ ತಿಳಿತೈತಿ. ದಿನಾ ಮುಂಜಾನೆ, ರಾತ್ರಿ ಮುಟ್ಟಿ ನೋಡಬೇಕು.

ಸೂಜಿಗೆ ಅವಸರ ಬ್ಯಾಡ. ಆ ನರ ಇನ್ನೂ ತೆಳ್ಳಗೈತಿ. ದಪ್ಪಾಗಿ ಗಟ್ಟಿಯಾಗಾಕ 6 ವಾರದಿಂದ 3 ತಿಂಗಳು ಬೇಕು. ನಾವು ಚುಚ್ಚೋದು ದಪ್ಪನ್ನ ಎರಡು ಸೂಜಿ. ಅದಕ್ಕಿಂತ ಮೊದಲ ಚುಚ್ಚಿದ್ರ ನರ ಹರಿದು ಕೈ ಬಾತು ಕರ್ರಗಾಗಬಹುದು. ಗಾಯ ಮಾಯ್ದ ಮ್ಯಾಲ ಡಾಕ್ಟರ್ ಹೂಂ ಅಂದ್ರ ಮೆತ್ತನ್ನ ಚೆಂಡು ಹಿಚುಕಲಿ.

ಎಡಗೈಗೆ ಬಿಪಿ ಪಟ್ಟಿ, ಸಲೈನ್, ರಕ್ತ ತೆಗೆಯೋದು ಯಾವುದೂ ಬ್ಯಾಡ. ಗಡಿಯಾರ, ದೇವರ ದಾರ ಬಲಗೈಗಿರ್ಲಿ. ಹೊಸಾ ಸಿಸ್ಟರ್ ಬಂದ್ರ ನೀವ ಬಾಯಿ ಬಿಟ್ಟು ಹೇಳಬೇಕು, ಅವರು ಗದ್ದಲದಾಗ ಸಿಕ್ಕ ಕೈ ಹಿಡಿತಾರ. ಕುತ್ತಿಗಿ ಪೈಪಿಗೆ ನೀರು ತಾಗಿಸಬ್ಯಾಡ್ರಿ. ಥಂಡಿ ಹತ್ತಿ ಜ್ವರ ಬಂದ್ರ ಗುಳಿಗಿ ನುಂಗಿ ಮಲಗೋದಲ್ಲ, ಅವತ್ತ ಬರ್ರಿ. ಸೋಂಕು ರಕ್ತಕ್ಕ ಇಳದಿರಬಹುದು.

ಪ್ರಶ್ನೆ (ಮುಧೋಳ): ನಮ್ಮತ್ತಿಯಾರಿಗೆ ಡಯಾಲಿಸಿಸ್ ಮುಗಿಸಿ ಬರುವಾಗ ಬಸ್ಸಿನ್ಯಾಗ ಸೂಜಿ ತೂತಿಂದ ರಕ್ತ ಸೋರ್ತು. ಟವೆಲ್ ಬಿಗಿದು ಕಟ್ಟಿದ್ವಿ. ಸರಿ ಆತೇನ್ರಿ?

ಉತ್ತರ: ಆಗಲಿಲ್ರಿ ಅಕ್ಕಾರ. ಬಿಗಿದು ಕಟ್ಟಿದ್ರ ಒಳಗಿನ ಹರಿವು ನಿಂತು ರಕ್ತ ಹೆಪ್ಪುಗಟ್ಟಬಹುದು. ಸ್ವಚ್ಛ ಅರಿವಿ ಇಟ್ಟು ತೂತಿನ ಮ್ಯಾಲ ಎರಡು ಬೆರಳು ಒತ್ತಿ ಹಿಡೀರಿ, 10–15 ನಿಮಿಷ. ನಡುವ ತೆಗೆದು ನೋಡಬಾರದು. ನಿಂತ ಮ್ಯಾಲ ಥ್ರಿಲ್ ನೋಡ್ರಿ. ನಿಲ್ಲದಿದ್ರ ಒತ್ತಿಕೊಂಡ ಹತ್ತಿರದ ದವಾಖಾನಿಗೆ ನಡೀರಿ. ಪದೇ ಪದೇ ಹಿಂಗಾದ್ರ ಮ್ಯಾಲ ಎಲ್ಲೋ ನರ ಸಣ್ಣಾಗಿರಬಹುದು, ಡಾಕ್ಟರಿಗೆ ತೋರಸ್ರಿ.

ರಬಕವಿಯವರು: ಅಪ್ಪ ಮುಟ್ಟಿ ನೋಡಿದ್ರು ಸರ. ‘ಹೌದಲೇ, ಮೋಟಾರ್ ಚಾಲೂ ಐತಿ’ ಅಂದ್ರು.

ಉತ್ತರ: ರಾತ್ರಿ ಮೋಟಾರ್ ಬಂದಾದ್ರ ಬೆಳಗಾಗೂತನ ಕಾಯಬ್ಯಾಡ ಅಂತ ಹೇಳ್ರಿ. ಲಗೂ ಬಂದ್ರ ಹೆಪ್ಪು ತೆಗೆದು ಫಿಸ್ಟುಲಾ ಉಳಿಸಾಕ ಬರಬಹುದು.