ಸಹಾಯ ಬೇಕು: ಕಾರಿನ ಬಟನ್‌ನಿಂದ ಮನಿ ಶಟರ್ ತೆಗಿಯಾಕ ಆಗವಲ್ದು

ಎಲ್ಲರಿಗೂ ನಮಸ್ಕಾರ್ರಿ, ನಮ್ದು ಗಂಗಾವತಿ. ಹೋದ ತಿಂಗ್ಳ ಸೆಕೆಂಡ್ ಹ್ಯಾಂಡ್ ಕಾರ್ ತಗೊಂಡೀವಿ, ಒಳಗಿನ ಕನ್ನಡಿ ಕೆಳಗ ಗ್ಯಾರೇಜ್ ಬಾಗ್ಲಾ ತೆಗಿಯೋ ಮೂರು ಬಟನ್ ಅದಾವು. ಮನಿ ಮುಂದ ಮೋಟಾರ್ ಶಟರ್ ಐತಿ, ರಿಮೋಟ್ ಒಂದೇ, ಅದು ಮನ್ಯಾಗ ಇರ್ತೈತಿ, ನಾ ರಾಯಚೂರಿಂದ ರಾತ್ರಿ ಹನ್ನೊಂದಕ್ಕ ಬಂದ್ರ ಮೊಣಕಾಲು ನೋವಿರೋ ಅಪ್ಪಾಜಿ ಎದ್ದು ಬರ್ಬೇಕು, ಅದನ್ನ ನೋಡಾಕ ಆಗಲ್ರಿ.

ಮೊದ್ಲ ಆ ಕಡಿ ಈ ಕಡಿ ಬಟನ್ ಎರಡೂ ಕೂಡೇ ಒತ್ತಿ ಹಿಡಿದು ಹಳೇ ಮಾಲಕರ ಕೋಡ್ ಎಲ್ಲಾ ಅಳಿಸೀನಿ, ಸೆಕೆಂಡ್ ಹ್ಯಾಂಡ್ ತಗೊಂಡವ್ರು ಇದನ್ನ ಮಾಡ್ಲೇಬೇಕ್ರಿ. ರಿಮೋಟಿಗೆ ಹೊಸ ಸೆಲ್ ಹಾಕಿ, ಕನ್ನಡಿಯಿಂದ ಎರಡು ಇಂಚು ದೂರ ಹಿಡಿದು ರಿಮೋಟಿನ ಬಟನ್, ಕಾರಿನ ಒಂದು ಬಟನ್ ಎರಡನ್ನೂ ಕೂಡೇ ಒತ್ತಿ ಹಿಡಿದೆ, ಲೈಟ್ ನಿಧಾನ ಮಿಣುಕಿ ಆಮ್ಯಾಲ ಜೋರಾಗಿ ಮಿಣುಕ್ತು, ಅಂದ್ರ ಕಲ್ತೈತಿ. ಆದ್ರ ಈಗ ಬಟನ್ ಒತ್ತಿದ್ರ ಎರಡು ಸೆಕೆಂಡ್ ಪಟಪಟ ಮಿಣುಕಿ ಲೈಟ್ ಹಂಗೇ ಹತ್ತಿ ನಿಂತಬಿಡ್ತೈತಿ, ಶಟರ್ ಅಲ್ಲಾಡವಲ್ದು.

ಹಿಂಗಾದ್ರ ಅದು ರೋಲಿಂಗ್ ಕೋಡ್, ಪ್ರತಿ ಸಲ ಕೋಡ್ ಬದಲಾಗ್ತೈತಿ, ಮೋಟಾರಿನ ಲರ್ನ್ ಬಟನ್ (ಹೊಸ ರಿಮೋಟ್ ಕಲಿಸೋ ಬಟನ್) ಒತ್ತಿ 30 ಸೆಕೆಂಡ್ ಒಳಗ ಕಾರಿನ ಬಟನ್ ಎರಡು ಮೂರು ಸಲ ಒತ್ಬೇಕು ಅಂತ ಗೊತ್ತೈತಿ. ಏಣಿ ಹಾಕಿ ಡಬ್ಬಿ ಬಿಚ್ಚಿ ನೋಡಿದ್ರ ಬೋರ್ಡ್ ಮ್ಯಾಗ ಎರಡು ಸಣ್ಣ ಬಟನ್, ಒಂದು ಕೆಂಪು ಒಂದು ಕಪ್ಪು, ಪಕ್ಕದ ಅಕ್ಷರ ಅಳಿಸಿ ಹೋಗ್ಯಾವು. ತಪ್ಪು ಒತ್ತಿ ಇರೋ ಒಂದು ರಿಮೋಟೂ ಹೋದ್ರ ಏನ್ ಮಾಡ್ಲಿ ಅಂತ ಕೈ ಹಚ್ಚಿಲ್ಲ.

ಇರೋ ರಿಮೋಟ್ ಅಳಿಸದಂಗ, ಈ ಎರಡರಾಗ ಲರ್ನ್ ಬಟನ್ ಯಾವ್ದು ಅಂತ ಗುರುತು ಹಿಡಿಯೋದು ಹ್ಯಾಂಗ್ರಿ?