ಸೋದರಸಂಬಂಧದ ಮದುವೆಗಳಿರುವ ವಂಶವೃಕ್ಷವನ್ನು ಆನ್‌ಲೈನ್‌ನಲ್ಲಿ ರಚಿಸುವುದು ಹೇಗೆ?

ಪ್ರಶ್ನೆ: ಹಿರಿಯರು ಬರೆದಿಟ್ಟ ನೋಟ್‌ಪುಸ್ತಕದ ವಿವರಗಳನ್ನು ಆನ್‌ಲೈನ್ ವಂಶವೃಕ್ಷಕ್ಕೆ ಏರಿಸಿ, ಪುಣೆ ಹಾಗೂ ಅಮೆರಿಕದಲ್ಲಿರುವ ಬಂಧುಗಳೂ ಅದನ್ನು ತುಂಬುವಂತೆ ಮಾಡಬೇಕೆಂದಿದ್ದೇನೆ. ನಮ್ಮ ಅಜ್ಜಿ ತಮ್ಮ ಸೋದರಮಾವನನ್ನೇ ಮದುವೆಯಾದವರು. ಹೀಗಾಗಿ ಅವರ ಅತ್ತೆಯೇ ಅವರಿಗೆ ತಾಯಿಯ ತಾಯಿಯೂ ಹೌದು. ಇಂಥವರ ಹೆಸರನ್ನು ಎರಡು ಬಾರಿ ಬರೆಯಬೇಕೇ? ಬದುಕಿರುವವರ ವಿವರ ಎಲ್ಲರಿಗೂ ಕಾಣುತ್ತದೆಯೇ?

ಉತ್ತರ 1: ಎರಡು ಬಾರಿ ಬರೆಯಲೇಬೇಡಿ. ಒಬ್ಬರಿಗೆ ಒಂದೇ ದಾಖಲೆಯಿಟ್ಟು, ಅದನ್ನೇ ಎರಡೂ ಕಡೆಯ ಸಂಬಂಧಕ್ಕೆ ಜೋಡಿಸಿ. ನಕ್ಷೆಯಲ್ಲಿ ಹೆಸರು ಎರಡು ಕಡೆ ಕಂಡರೂ ಚಿಂತೆಯಿಲ್ಲ. ಮೊಮ್ಮಗನಿಗೆ ತಾತನ ಹೆಸರಿಡುವ ರೂಢಿ ನಮ್ಮಲ್ಲಿರುವುದರಿಂದ, ಹುಟ್ಟಿದ ವರ್ಷ ಮತ್ತು ಊರನ್ನು ನಮೂದಿಸದಿದ್ದರೆ ಯಾರಾದರೂ ಬಂಧುಗಳು ಉತ್ಸಾಹದಿಂದ ಇಬ್ಬರನ್ನೂ ಒಬ್ಬರೆಂದು ವಿಲೀನಗೊಳಿಸಿಬಿಡುತ್ತಾರೆ.

ಉತ್ತರ 2: ಫ್ಯಾಮಿಲಿಸರ್ಚ್ ಎಂಬ ವಂಶವೃಕ್ಷದ ಜಾಲತಾಣ ಉಚಿತ. ಅಲ್ಲಿ ಇರುವುದು ಜಗತ್ತಿಗೆಲ್ಲ ಒಂದೇ ಮರವಾದ್ದರಿಂದ ತೀರಿಕೊಂಡವರ ವಿವರವನ್ನು ಇತರರೂ ತಿದ್ದಬಹುದು, ಆದರೆ ಬದುಕಿರುವವರ ದಾಖಲೆ ಸಾರ್ವಜನಿಕರಿಗೆ ಕಾಣುವುದಿಲ್ಲ. ತಿದ್ದುಪಡಿಯ ಹಿಡಿತ ನಿಮ್ಮಲ್ಲೇ ಇರಬೇಕೆಂದರೆ ಗ್ರ್ಯಾಂಪ್ಸ್ ಎಂಬ ಉಚಿತ ತಂತ್ರಾಂಶವನ್ನು ನಿಮ್ಮ ಕಂಪ್ಯೂಟರಿನಲ್ಲೇ ಬಳಸಿ. ಗ್ರ್ಯಾಂಪ್ಸ್ ಆರಿಸಿಕೊಂಡರೆ ಜೆಡ್‌ಕಾಮ್ (ಬೇರೆ ವಂಶವೃಕ್ಷ ತಂತ್ರಾಂಶಗಳೂ ಓದಬಲ್ಲ ಮಾದರಿ) ಕಡತವಾಗಿ ಒಂದು ಪ್ರತಿ ಉಳಿಸಿಟ್ಟುಕೊಳ್ಳಿ; ಫ್ಯಾಮಿಲಿಸರ್ಚ್‌ನ ಮರದಿಂದ ಅದನ್ನು ನೇರವಾಗಿ ಇಳಿಸಿಕೊಳ್ಳಲಾಗದು, ಬೇರೆ ತಂತ್ರಾಂಶದ ನೆರವು ಬೇಕು. ಫೋಟೋಗಳನ್ನು ಮಾತ್ರ ಪ್ರತ್ಯೇಕವಾಗಿ ಉಳಿಸಿ.

ಉತ್ತರ 3: ಹಳೆಯ ನೋಟ್‌ಪುಸ್ತಕಗಳಲ್ಲಿ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುವುದೇ ಹೆಚ್ಚು. ಕೊಟ್ಟ ಮನೆಯ ಕಡೆಯವರನ್ನು ಮೊದಲು ವಿಚಾರಿಸಿ. ಇನ್ನೊಂದು ಮಾತು: ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಕೇಳುವ ವಂಶವೃಕ್ಷವೇ ಬೇರೆ, ಅದನ್ನು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟೇ ಪಡೆಯಬೇಕು.