ಬೇಲಿ ಜಗಳಕ್ಕೆ ಸುಪ್ರೀಂ ಕೋರ್ಟ್‌ಗೆ ಹೋಗಬಹುದಾ?

ಸಾಗರದಕಡೆಯವ:
ಪಕ್ಕದ ತೋಟದವರ ಜೊತೆ ಗಡಿ ವಿಷಯಕ್ಕೆ ಕೇಸು. ಇಲ್ಲಿ ಸೋತೆವು, ಜಿಲ್ಲಾ ಕೋರ್ಟಲ್ಲೂ ಸೋತೆವು, ಈಗ ಹೈಕೋರ್ಟೂ ಅದನ್ನೇ ಎತ್ತಿಹಿಡಿದಿದೆ. ಅಪ್ಪ ಮಾತ್ರ ದೆಹಲಿಗೆ ಹೋಗಿಯೇ ಸೈ ಅಂತ ಕೂತಿದ್ದಾರೆ. ಸರ್ವೆ ಅಳತೆ ತಪ್ಪಾಗಿದೆ, ದೊಡ್ಡ ಕೋರ್ಟಿನವರು ನೋಡಿದರೆ ಗೊತ್ತಾಗುತ್ತೆ ಅನ್ನೋದು ಅವರ ವಾದ. ಈ ಸಲದ ಅಡಿಕೆ ದುಡ್ಡೆಲ್ಲ ಇದಕ್ಕೇ ಹೋಗುತ್ತೇನೋ ಅಂತ ನನಗೆ ಭಯ.

ಕೋರ್ಟ್‌ರಸ್ತೆ:
ಅರ್ಜಿ ಹಾಕಬಹುದು, ಸಂವಿಧಾನದ 136ನೇ ವಿಧಿ ಇದೆ. ಹೈಕೋರ್ಟ್ ತೀರ್ಪು ಬಂದು 90 ದಿನದೊಳಗೆ ಹಾಕಬೇಕು. ಆದರೆ ಅದು ನೇರ ಮೇಲ್ಮನವಿ ಅಲ್ಲ, ಮೇಲ್ಮನವಿಗೆ ಅನುಮತಿ ಕೊಡಿ ಅಂತ ಕೇಳೋದು ಅಷ್ಟೇ, ಕೊಡೋದು ಬಿಡೋದು ಅವರಿಗೆ ಬಿಟ್ಟಿದ್ದು. ಹೆಚ್ಚಿನವು ಅಲ್ಲೇ ವಜಾ ಆಗುತ್ತವೆ. ಅಳತೆ ಸರಿಯೋ ತಪ್ಪೋ ಅನ್ನೋದು ಸಾಕ್ಷಿಯ ವಿಷಯ, ಕೆಳಗಿನ ಎರಡು ಕೋರ್ಟಲ್ಲೇ ಮುಗಿದಿರುತ್ತೆ. ಎರಡನೇ ಮೇಲ್ಮನವಿಯಲ್ಲಿ ಹೈಕೋರ್ಟೇ ಕಾನೂನಿನ ಪ್ರಶ್ನೆ ಇದೆಯಾ ಅಂತ ನೋಡುತ್ತೆ, ಇನ್ನು ದೆಹಲಿಯವರು ನಿಮ್ಮ ಬೇಲಿ ಅಳೀತಾರಾ?

ಘಟ್ಟದಮೇಲೆ:
ಹಾಗಾದ್ರೆ ಆ ಕೋರ್ಟು ಇರೋದು ಯಾರಿಗೆ? ಸರ್ಕಾರ ಬೀಳಿಸೋರಿಗೆ, ಉಳಿಸೋರಿಗೆ ಮಾತ್ರಾನಾ?

ಕಾನಂಚಿನಮನೆ:
ಅದೂ ಸಣ್ಣ ಕೆಲಸ ಅಲ್ಲ ಮಾರಾಯ್ರೇ. ಬಹುಮತ ಇದೆಯೋ ಇಲ್ಲವೋ ಸದನದಲ್ಲೇ ತೀರ್ಮಾನ ಆಗಬೇಕು ಅಂದದ್ದು 1994ರ ಬೊಮ್ಮಾಯಿ ಕೇಸಲ್ಲಿ, ನಮ್ಮ ರಾಜ್ಯದ್ದೇ ಮುಖ್ಯಮಂತ್ರಿ. ಅದಿರಲಿ, ಮಲೆನಾಡನ್ನೇ ನೋಡಿ. ಕುದುರೆಮುಖದಲ್ಲಿ ಗಣಿ 2005ರ ಕೊನೆಗೆ ನಿಂತಿದ್ದು ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದಿಂದ. ಗೋದಾವರ್ಮನ್ ಕೇಸು ಶುರುವಾಗಿದ್ದು ನೀಲಗಿರಿಯ ಕಾಡಿಗೆ ಸಂಬಂಧಿಸಿ. 1996ರ ಡಿಸೆಂಬರ್‌ನಲ್ಲಿ ಕೋರ್ಟ್ ಏನಂತು ಅಂದ್ರೆ, ಜಾಗ ಯಾರ ಹೆಸರಲ್ಲಿದ್ದರೂ ಕಾಡು ಕಾಡೇ, 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅದಕ್ಕೂ ಅನ್ವಯಿಸುತ್ತೆ. ಆ ಕೋರ್ಟು ಹೇಳಿದ ಕಾನೂನು ದೇಶದ ಎಲ್ಲ ಕೋರ್ಟಿಗೂ ಕಾನೂನು, 141ನೇ ವಿಧಿ. ಹಾಗಾಗಿ ಬಿಸಿ ಕಾನು, ಹಾಡಿ ಅಂತ ನಾವು ಕರೆಯೋ ನಮ್ಮೂರ ಕಾಡುಗಳಿಗೂ ತಟ್ಟಿತು. ಕಾಡು ಉಳಿಯಿತು, ನಿಜ. ಆದರೆ ಲಿಂಗನಮಕ್ಕಿ ಅಣೆಕಟ್ಟಿನ ನೀರಲ್ಲಿ ಮನೆ ಮಠ ಮುಳುಗಿಸಿಕೊಂಡು ಕಾಡಂಚಿಗೆ ಬಂದವರ ಹಕ್ಕುಪತ್ರವೂ ಇದೇ ಅರಣ್ಯ ಕಾನೂನಲ್ಲಿ ಸಿಕ್ಕಿಕೊಂಡಿದೆ, ಅದನ್ನು ನೆನೆದರೆ ನನಗೆ ಪೂರ್ತಿ ಖುಷಿಪಡೋಕೆ ಆಗಲ್ಲ.

ಸಾಗರದಕಡೆಯವ:
ಅಪ್ಪನಿಗೆ ಓದಿ ಹೇಳಿದೆ. ನೀಲಗಿರಿಯವರು ಹೋಗಬಹುದು, ನಾವು ಹೋಗಬಾರದಾ ಅಂತಾರೆ!

ಕೋರ್ಟ್‌ರಸ್ತೆ:
ಹಾಗಿದ್ರೆ ತೋಟ ಅಡ ಇಡೋ ಮೊದಲು ಸುಪ್ರೀಂ ಕೋರ್ಟ್ ಕಾನೂನು ಸೇವಾ ಸಮಿತಿಗೆ ಬರೆಯಿರಿ. ವರ್ಷದ ಆದಾಯ 5 ಲಕ್ಷದೊಳಗಿದ್ದರೆ ವಕೀಲರ ನೆರವು ಉಚಿತ. ಹೆಂಗಸರಿಗೆ ಆ ಮಿತಿಯೂ ಇಲ್ಲ. ಕೇಸಲ್ಲಿ ಅಮ್ಮನ ಹೆಸರೂ ಇದೆಯಾ ನೋಡಿ.